ಲೈಬ್ರರಿಯನ್ ಕ್ಲಾಸಿಗೆ ಬರಲಿ

ಕಾಫಿ ಸೀಮೆಯ ಇಂಜಿನಿಯರಿಂಗ್ ಕಾಲೇಜು ಅಂದ್ಮೇಲೆ ವರ್ಷಕ್ಕೆ ಒಂದು ಬ್ಯಾಚಾದ್ರೂ 'ಕಾಫಿ ಎಲೆ ರೋಗ ಪತ್ತೆ' ಅಂತ ಮಿನಿ ಪ್ರಾಜೆಕ್ಟ್ ಮಾಡೋದು ಗ್ಯಾರಂಟಿ. ಕ್ಯಾಗಲ್‌ನಿಂದ ಫೋಟೋ ಡೌನ್‌ಲೋಡ್, ಒಂದು ಸಿಎನ್‌ಎನ್ ಮಾಡೆಲ್, ಅಕ್ಯುರಸಿ ತೊಂಬತ್ತರ ಮೇಲೆ, ವೈವಾ ಮುಗೀತು. ಆ ಫೋಟೋಗಳು ಯಾವ ಊರಿನ ಎಲೆಗಳದ್ದು ಅಂತ ಮಾತ್ರ ಯಾರೂ ಕೇಳಲ್ಲ.

ಕೇಳಬೇಕು. ಇಂಥ ಪ್ರಾಜೆಕ್ಟ್‌ಗಳಿಗೆ ಸಿಗೋ ಡೇಟಾಸೆಟ್‌ಗಳಲ್ಲಿ 'ರೊಕೊಲೆ' ಅನ್ನೋದು ಒಂದು. 2019ರಲ್ಲಿ ಪ್ರಕಟವಾದದ್ದು, ಅದರಲ್ಲಿರೋದು ಈಕ್ವೆಡಾರ್ ದೇಶದ ರೋಬಸ್ಟಾ ಎಲೆಗಳು. ನಮ್ಮ ಕಡೆ ತುಕ್ಕು ರೋಗ ಹೆಚ್ಚು ಕಾಡೋದು ಅರೇಬಿಕಾವನ್ನ, ರೋಬಸ್ಟಾಕ್ಕೆ ಕಡಿಮೆ. ಮೂಡಿಗೆರೆಯ ಯಾವ ತೋಟದವರನ್ನ ಕೇಳಿದ್ರೂ ಹೇಳ್ತಾರೆ. ಹಾಗಿರುವಾಗ ಆ ಮಾಡೆಲ್ ಕಳಸದ ಅರೇಬಿಕಾ ತೋಟದಲ್ಲಿ, ಅದೂ ಮರದ ನೆರಳಲ್ಲಿ, ಮಳೆಗಾಲದ ಮಬ್ಬು ಬೆಳಕಲ್ಲಿ ಕೆಲಸ ಮಾಡುತ್ತೆ ಅಂತ ಯಾವ ಧೈರ್ಯದ ಮೇಲೆ ಬರೀತೀವಿ? ಇದೇ ಜಿಲ್ಲೆಯ ಬಾಳೆಹೊನ್ನೂರಲ್ಲಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇದೆ. ತುಕ್ಕು ರೋಗದ ಮೇಲೆ ಅಲ್ಲಿ ಆಗಿರೋ ಕೆಲಸ ದಶಕಗಳದ್ದು. ನಾನು ನೋಡಿದ ರಿಪೋರ್ಟುಗಳ ಕೊನೇ ಪುಟದಲ್ಲಿ ಅದರ ಹೆಸರೇ ಇಲ್ಲ.

ತಪ್ಪನ್ನ ಹುಡುಗರ ಮೇಲೆ ಹಾಕೋದು ಸುಲಭ. ಆದ್ರೆ ಹುಡುಕೋದನ್ನ ನಮಗೆ ಕಲಿಸಿದ್ದು ಯಾರು? ಫಸ್ಟ್ ಇಯರ್‌ನಲ್ಲಿ ಲೈಬ್ರರಿ ಓರಿಯಂಟೇಶನ್ ಆಗುತ್ತೆ, ನಿಜ. ಎಷ್ಟು ಪುಸ್ತಕ ತಗೋಬಹುದು, ಲೇಟಾದ್ರೆ ಫೈನ್ ಎಷ್ಟು, ಬ್ಯಾಗ್ ಎಲ್ಲಿಡಬೇಕು. ಆಗ ನಮ್ಮ ಹತ್ರ ಹುಡುಕೋಕೆ ಪ್ರಶ್ನೆಯೇ ಇರಲ್ಲ. ಪ್ರಶ್ನೆ ಹುಟ್ಟೋದು ಪ್ರಾಜೆಕ್ಟ್ ಟೈಮಲ್ಲಿ. ಅಷ್ಟೊತ್ತಿಗೆ ಲೈಬ್ರರಿಯನ್ ಅಂದ್ರೆ ನೋ ಡ್ಯೂಸ್‌ಗೆ ಸೈನ್ ಹಾಕೋರು, ಅಷ್ಟೇ.

ನಾನು ಕೇಳ್ತಿರೋದು ಇಷ್ಟು: ಟಾಪಿಕ್ ಫೈನಲ್ ಆದ ವಾರ ಸಬ್ಜೆಕ್ಟ್ ಮೇಡಮ್ಮೂ ಲೈಬ್ರರಿಯನ್ನೂ ಒಂದೇ ಲ್ಯಾಬಲ್ಲಿ ನಮ್ಮ ಜೊತೆ ಎರಡು ಗಂಟೆ ಕೂರಲಿ. 'ಕಾಫಿ ಲೀಫ್ ಡಿಸೀಸ್' ಅಂತ ಹುಡುಕಿದ್ರೆ ಬರೋದೇ ಬೇರೆ, ತುಕ್ಕು ತರೋ ಶಿಲೀಂಧ್ರದ ಹೆಸರು 'ಹೆಮಿಲಿಯಾ ವಾಸ್ಟಾಟ್ರಿಕ್ಸ್' ಹಾಕಿ ಹುಡುಕಿದ್ರೆ ಬರೋದೇ ಬೇರೆ. ಡೇಟಾಬೇಸಲ್ಲಿ ಹೇಗೆ ಸೋಸಬೇಕು ಅಂತ ಲೈಬ್ರರಿಯನ್‌ಗೆ ಗೊತ್ತು. ಸಿಕ್ಕ ಪೇಪರಿನ ಪ್ರಯೋಗ ಸರಿಯಿದೆಯಾ ಅಂತ ಮೇಡಂಗೆ ಗೊತ್ತು. ಒಬ್ಬರಿಂದಲೇ ಆಗೋ ಕೆಲಸ ಅಲ್ಲ. ಚಾಟ್‌ಜಿಪಿಟಿ ಕೊಟ್ಟ ರೆಫರೆನ್ಸ್ ನಿಜವಾಗಿ ಇದೆಯಾ ಅಂತ ನೋಡೋದನ್ನೂ ಅಲ್ಲೇ ಕಲೀಬಹುದು. ಇಲ್ಲದ ಪೇಪರ್‌ಗೆ ಲೇಖಕರ ಹೆಸರು, ವರ್ಷ, ಪುಟ ಎಲ್ಲ ಹಾಕಿ ಕೊಡುತ್ತೆ ಮಾರಾಯ್ರೆ ಅದು!

ಲೈಬ್ರರಿಯನ್‌ಗೆ ನಮ್ಮ ವಿಷಯ ಏನು ಗೊತ್ತು ಅಂತ ಕೆಲವರು ನಗಬಹುದು. ಭಾರತದಲ್ಲಿ ಗ್ರಂಥಾಲಯ ವಿಜ್ಞಾನ ಕಟ್ಟಿದ ಎಸ್.ಆರ್. ರಂಗನಾಥನ್, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಗೆ ಬರೋ ಮುಂಚೆ ಗಣಿತದ ಮೇಷ್ಟ್ರು.

ಸಿಲಬಸ್ ಮುಗಿಸೋಕೇ ಟೈಮಿಲ್ಲ ಅನ್ನೋದು ಇನ್ನೊಂದು ಉತ್ತರ. ಎರಡು ಗಂಟೆ ಸಿಗುತ್ತೆ ಬಿಡಿ. ಕಷ್ಟ ಇರೋದು ನಮ್ಮ ಕಡೆಯೇ: ಮಾರ್ಕ್ಸ್ ಇಲ್ಲದಿದ್ರೆ ನಾವು ಯಾರೂ ಬರಲ್ಲ. ಹಾಗಾಗಿ ಇಂಟರ್ನಲ್ಸ್‌ನಲ್ಲಿ ಐದು ಮಾರ್ಕ್ಸನ್ನ ಹುಡುಕಾಟಕ್ಕೇ ಇಡಿ. ಏನು ಹುಡುಕಿದ್ವಿ, ಯಾವುದನ್ನ ಬಿಟ್ವಿ, ಯಾಕೆ ಬಿಟ್ವಿ ಅಂತ ಒಂದು ಪುಟ ಬರೆದು ಕೊಡ್ತೀವಿ. ಆ ಐದು ಮಾರ್ಕ್ಸನ್ನ ಲೈಬ್ರರಿಯನ್ನೇ ಕೊಡಲಿ.