‘ಸಹಯೋಗ’ವೆಂಬ ಶಬ್ದದ ದುರ್ವಿನಿಯೋಗ

ಕಳೆದ ಕೆಲವು ತಿಂಗಳುಗಳಿಂದ ನಮ್ಮ ಸಂಘದ ಸಾಯಂಕಾಲದ ಗೋಷ್ಠಿಗಳಲ್ಲಿ ಒಂದು ವಿಷಯವು ಮರಳಿ ಮರಳಿ ಚರ್ಚೆಗೆ ಬರುತ್ತಿರುವುದನ್ನು ವಾಚಕ ಮಹಾಶಯರಲ್ಲಿ ಅನೇಕರು ಬಲ್ಲರು. ರಾಕ್ ಬ್ಯಾಂಡುಗಳೆಂಬ ವಾದ್ಯವೃಂದಗಳೂ ಪಾಪ್ ಗಾಯಕರೂ ಜೊತೆಗೂಡಿ, ಗಣಕಯಂತ್ರದಲ್ಲಿ ಹುಟ್ಟಿಸಿದ ತಾಳದ ಮೇಲೆ ಹಾಡಿ, ‘ಸಿಂಗಲ್’ ಎಂಬ ಹೆಸರಿನಿಂದ ಒಂದೊಂದೇ ಹಾಡನ್ನು ಹೊರತರುವುದು ಈಗಿನ ಪದ್ಧತಿ. ರಾಜಾಜಿನಗರದ ನವರಂಗ್ ವೃತ್ತದಿಂದ ಹಿಡಿದು ವಿಜಯನಗರದವರೆಗೆ ಭಾದ್ರಪದಮಾಸದ ಗಣೇಶನ ಪೆಂಡಾಲುಗಳಲ್ಲಿ ಕೇಳಿಬರುವುದು ಬಹುಮಟ್ಟಿಗೆ ಈ ಜಾತಿಯ ಹಾಡುಗಳೇ. ಇವುಗಳ ಸಂಬಂಧವಾಗಿ ನಮ್ಮ ಹಿರಿಯ ಸದಸ್ಯರು ಒಂದು ತೀರ್ಪನ್ನು ಕೊಟ್ಟಿರುತ್ತಾರೆ: ವಿದ್ಯುತ್ತು ಸಂಗೀತದೊಳಕ್ಕೆ ಪ್ರವೇಶಿಸಿತು, ಸಂಗೀತವು ಕೆಟ್ಟಿತು. ಪಾಠಶಾಲೆಯಲ್ಲಿ ಓದಿ ನಲವತ್ತು ವರ್ಷ ಸಂಸ್ಕೃತವನ್ನು ಕಲಿಸಿದವನಾದುದರಿಂದ ನಾನೂ ಈ ಪಕ್ಷದವನೇ ಎಂದು ಅವರು ಎಣಿಸಿದಂತೆ ಕಾಣುತ್ತದೆ. ನಾನು ಆ ಪಕ್ಷದವನಲ್ಲ. ಆ ತೀರ್ಪಿನಿಂದ ನಿಜವಾದ ಅಪರಾಧಿಯು ಹಿತ್ತಲ ಬಾಗಿಲಿನಿಂದ ಪಾರಾಗುತ್ತಿದ್ದಾನೆಂಬುದೇ ನನ್ನ ಆಕ್ಷೇಪಣೆ.

ಮೊದಲು ಪೂರ್ವಪಕ್ಷವನ್ನು ವಿಚಾರಿಸೋಣ. ಪರದೇಶದ ವಾದ್ಯವೂ ಯಂತ್ರವೂ ನಮ್ಮ ಗಾನಕ್ಕೆ ವಿಷವೆಂದಾದರೆ, ನಮ್ಮ ಕಛೇರಿಗಳಲ್ಲಿ ಪಿಟೀಲಿಗೆ ಸ್ಥಾನವೆಲ್ಲಿ? ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಮದರಾಸಿನಲ್ಲಿ ಪಾಶ್ಚಾತ್ಯ ಗುರುವಿನಿಂದ ಕಲಿತು ತಂದರು. ನಮ್ಮ ಮೈಸೂರಿನ ಚೌಡಯ್ಯನವರು ಅದಕ್ಕೆ ಏಳು ತಂತಿಗಳನ್ನು ಕಟ್ಟಿದರು. ಹಾರ್ಮೋನಿಯಮ್ಮನ್ನು ಆಕಾಶವಾಣಿಯವರು 1940ರಲ್ಲಿ ಬಹಿಷ್ಕರಿಸಿ ಮೂವತ್ತು ವರ್ಷಗಳ ಕಾಲ ಹೊಸಲಿನಾಚೆಗೆ ನಿಲ್ಲಿಸಿದರು. ಆ ಅವಧಿಯಲ್ಲಿ ನಮ್ಮ ಕಂಪನಿ ನಾಟಕಗಳಾಗಲಿ ಭಜನಮಂದಿರಗಳಾಗಲಿ ಅದನ್ನು ಬಿಟ್ಟುವೇ? ಮಂಗಳೂರಿನ ಕಡೆಯ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಕೀರ್ತನೆಗಳನ್ನು ನುಡಿಸಿದಾಗ ತಲೆದೂಗಿದವರು ನಾವೇ. ಇನ್ನು ವಿದ್ಯುತ್ತಿನ ಮಾತು. ಈ ತೀರ್ಪನ್ನಿತ್ತ ಮಹನೀಯರೊಬ್ಬರ ಮನೆಯಲ್ಲಿ ಅವರ ಮೊಮ್ಮಗಳು ಪ್ರತಿದಿನ ಪ್ರಾತಃಕಾಲ ಸಾಧನೆ ಮಾಡುವುದು ವಿದ್ಯುತ್ ಶ್ರುತಿಪೆಟ್ಟಿಗೆಯೊಡನೆ. ಅದು ಯಾವ ಮ್ಲೇಚ್ಛದೇಶದಿಂದಲೂ ಬಂದದ್ದಲ್ಲ. ನಮ್ಮ ಬೆಂಗಳೂರಿನಲ್ಲಿಯೇ 1979ರಲ್ಲಿ ರಾಡೆಲ್ ಸಂಸ್ಥೆಯ ರಾಜ್ ನಾರಾಯಣರು ನಿರ್ಮಿಸಿದ್ದು. ತಂಬೂರಿಯು ಗುಂಡಿಯೊತ್ತಿದರೆ ನುಡಿಯಬಹುದು, ಮದ್ದಳೆ ಮಾತ್ರ ನುಡಿಯಕೂಡದು ಎಂಬ ನಿಯಮವನ್ನು ಯಾವ ಶಾಸ್ತ್ರದಿಂದ ತೆಗೆದರೋ ತಿಳಿಯದು.

ಇದಕ್ಕೆ ಇನ್ನೊಂದು ನಿದರ್ಶನವನ್ನು ಕೊಡುವೆನು. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರ ವಾದ್ಯವೃಂದವು 2008ರಲ್ಲಿ ಹೊರತಂದ ಮೊದಲನೆಯ ಸಂಪುಟದಲ್ಲಿ ಶಿಶುನಾಳ ಶರೀಫರ ‘ಗುಡುಗುಡಿಯ ಸೇದಿ ನೋಡೋ’ ಎಂಬುದು ಸೇರಿತ್ತು. ಗಿಟಾರು, ಡ್ರಮ್ಮು, ಪಿಟೀಲುಗಳ ಆರ್ಭಟವನ್ನು ಕೇಳಿ ಆಗ ಮೂಗು ಮುರಿದವರು ಕಡಮೆಯಲ್ಲ. ಆದರೆ ಆ ಕಾಲದಲ್ಲಿ ನನ್ನಲ್ಲಿಗೆ ಪಾಠಕ್ಕೆ ಬರುತ್ತಿದ್ದ ಬಸವೇಶ್ವರನಗರದ ಇಬ್ಬರು ಹುಡುಗರು, ಅದುವರೆಗೆ ಶರೀಫರ ಹೆಸರನ್ನೇ ಕೇಳದಿದ್ದವರು, ಆ ಕವಿ ಯಾರು, ಕಳಸದ ಗೋವಿಂದಭಟ್ಟರಿಗೂ ಅವರಿಗೂ ಏನು ಸಂಬಂಧ, ಗುಡುಗುಡಿಯೆಂದರೆ ದೇಹವೆಂದು ಹೇಗೆ ಅರ್ಥವಾಗುತ್ತದೆ ಎಂದು ಕೇಳುತ್ತ ಬಂದರು. 1889ರಲ್ಲಿ ದಿವಂಗತರಾದ ಕವಿಯ ಹೆಸರನ್ನು ವಿದ್ಯುತ್ತು ಅಳಿಸಲಿಲ್ಲ. ಅದಕ್ಕೆ ಕಾರಣವೂ ಉಂಟು. ನಮ್ಮ ಪದಕಾರರು ದೂರದರ್ಶಿಗಳು. ಕೊನೆಯ ನುಡಿಯಲ್ಲಿ ತಮ್ಮ ಅಂಕಿತವನ್ನು ಹೆಣೆದೇ ಹೋಗುತ್ತಿದ್ದರು. ಪದವನ್ನು ತುದಿಯವರೆಗೆ ಹಾಡಿದವನು ಬೇಕೆಂದರೂ ಬೇಡವೆಂದರೂ ಕರ್ತೃವಿಗೆ ನಮಸ್ಕಾರ ಮಾಡಿದಂತಾಗುವುದು. ಮೊದಲ ಎರಡು ಸಾಲನ್ನು ಕತ್ತರಿಸಿ ಮೂವತ್ತು ಸಲ ತಿರುಗಿಸುವವನಿಗೆ ಮಾತ್ರ ಆ ಅಂಕಿತದ ಕಾಟವಿಲ್ಲ.

ಇಲ್ಲಿಗೆ ಯಂತ್ರದ ಮೇಲಿನ ಆರೋಪವನ್ನು ಬಿಡೋಣ. ಅಪರಾಧವಿರುವುದು ‘ಸಹಯೋಗ’ವೆಂದು ಈಗ ಎಲ್ಲೆಲ್ಲಿಯೂ ಅಚ್ಚಾಗುತ್ತಿರುವ ಶಬ್ದದಲ್ಲಿ. ‘ಸಹ’ ಶಬ್ದದ ಸಂಬಂಧವಿದ್ದಲ್ಲಿ ಅಪ್ರಧಾನವಾದುದಕ್ಕೆ ತೃತೀಯಾ ವಿಭಕ್ತಿ ಬರತಕ್ಕದ್ದೆಂದು ಪಾಣಿನಿಯ ವ್ಯವಸ್ಥೆ. ಮಗನೊಡನೆ ತಂದೆ ಬಂದನೆಂದರೆ ಮಗನು ಅಪ್ರಧಾನನೇ ಸರಿ. ಆದರೂ ಅವನು ವಾಕ್ಯದಲ್ಲಿದ್ದಾನೆ, ಅವನೂ ನಡೆದು ಬಂದಿದ್ದಾನೆ, ಅವನಿಗೊಂದು ಪ್ರತ್ಯಯವಿದೆ. ಇಬ್ಬರು ಪ್ರಸಿದ್ಧರು ಕೂಡಿ, ಮೂರನೆಯವನೊಬ್ಬನ ಪದವನ್ನು ಎತ್ತಿಕೊಂಡು, ಅವನನ್ನು ವಾಕ್ಯದಿಂದಲೇ ಹೊರಗಿಟ್ಟು, ಅದನ್ನು ಸಹಯೋಗವೆಂದು ಕರೆದರೆ ವ್ಯಾಕರಣವೂ ಒಪ್ಪದು, ನ್ಯಾಯವೂ ಒಪ್ಪದು.

ಪಾಶ್ಚಾತ್ಯರು ಇಂಥದರಲ್ಲಿ ಹೇಗೆ ನಡೆದುಕೊಳ್ಳುತ್ತಾರೆಂಬುದಕ್ಕೆ ಅವರದೇ ಒಂದು ಸಿಂಗಲ್ಲನ್ನು ನೋಡಬಹುದು. ಇಂಗ್ಲೆಂಡಿನ ಕೋಲ್ಡ್‌ಪ್ಲೇ ಎಂಬ ರಾಕ್ ಬ್ಯಾಂಡು ಬಾರ್ಬಡೋಸ್ ದ್ವೀಪದ ಪಾಪ್ ಗಾಯಕಿ ರಿಹಾನಾಳೊಡನೆ ಕೂಡಿ ಹಾಡಿದ ‘ಪ್ರಿನ್ಸೆಸ್ ಆಫ್ ಚೈನಾ’ ಎಂಬುದು 2012ರಲ್ಲಿ ಸಿಂಗಲ್ಲಾಗಿ ಹೊರಬಂದಿತು. ವಿದ್ಯುನ್ನಾದವೇ ಪ್ರಧಾನವಾದ ಆ ಹಾಡು ನನಗೆ ರುಚಿಸಿತೆಂದು ಹೇಳಲಾರೆ. ಮೊಮ್ಮಗನು ಕೇಳಿಸಿದ್ದರಿಂದ ಕೇಳಿದೆನು. ಅದರಲ್ಲಿ ಐಸ್‌ಲೆಂಡ್ ದೇಶದ ಸಿಗುರ್ ರೋಸ್ ಎಂಬ ಮತ್ತೊಂದು ತಂಡದ ಧ್ವನಿಮುದ್ರಿಕೆಯಿಂದ ಒಂದು ತುಣುಕನ್ನು ತೆಗೆದು ಹೊಲಿದಿದ್ದಾರೆ. ಮಾತಿಲ್ಲ, ಪದ್ಯವಿಲ್ಲ, ಬರಿಯ ನಾದದ ಒಂದು ಚೂರು. ಅಷ್ಟಕ್ಕಾಗಿ ಆ ತಂಡದ ಸದಸ್ಯರ ಹೆಸರುಗಳನ್ನು ಹಾಡಿನ ಕರ್ತೃಗಳ ಪಟ್ಟಿಯಲ್ಲಿ ಸೇರಿಸಿದರು. ಧರ್ಮಬುದ್ಧಿಯಿಂದ ಮಾಡಿದರೋ ವಕೀಲರ ಭಯದಿಂದ ಮಾಡಿದರೋ, ಹೆಸರಂತೂ ಅಲ್ಲಿದೆ.

ಇನ್ನು ನಮ್ಮ ನಾಡಿಗೆ ಬರೋಣ. 2020ರ ಆಗಸ್ಟಿನಲ್ಲಿ, ಗೌರೀಗಣೇಶ ಹಬ್ಬದ ಸುಮಾರಿಗೆ, ರ‍್ಯಾಪ್ ಗಾಯಕ ಚಂದನ್ ಶೆಟ್ಟಿಯವರು ‘ಕೋಲುಮಂಡೆ’ ಎಂಬ ಸಿಂಗಲ್ಲನ್ನು ಆನಂದ್ ಆಡಿಯೋ ಸಂಸ್ಥೆಯ ಮೂಲಕ ಹೊರತಂದರು. ಮಲೆಮಹದೇಶ್ವರನ ಕಾವ್ಯದಲ್ಲಿ ದೇವರು ಜಂಗಮವೇಷದಿಂದ ಭಿಕ್ಷಕ್ಕೆ ಬರುವ ಪ್ರಸಂಗದ ಪದವು ಅದಕ್ಕೆ ಮೂಲ. ದೃಶ್ಯದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ಬಗೆಯು ಭಕ್ತರನ್ನು ಕೆರಳಿಸಿತು. ಪ್ರತಿಭಟನೆಗಳಾದವು, ಸಂಸ್ಥೆಯವರು ಹಾಡನ್ನು ಹಿಂತೆಗೆದುಕೊಂಡರು, ಗಾಯಕರು ಕ್ಷಮೆ ಯಾಚಿಸಿದರು. ಪ್ರಕರಣವು ಮುಗಿಯಿತೆಂದು ಸರ್ವರೂ ಭಾವಿಸಿದರು.

ಮುಗಿಯಲಿಲ್ಲವೆಂಬುದು ನನ್ನ ವಾದ. ಸಂಕಮ್ಮನ ಕಥೆಯನ್ನು ಬಲ್ಲವರು ಸ್ವಲ್ಪ ಸ್ಮರಿಸಿಕೊಳ್ಳಬೇಕು. ಅವಳ ಗಂಡ ನೀಲೇಗೌಡನು ಜೇನು ತರಲು ಕಾಡಿಗೆ ಹೊರಡುವ ಮುನ್ನ, ಪಾತಿವ್ರತ್ಯಕ್ಕೆ ಸಾಕ್ಷಿಯಾಗಿ ಬಲಗೈ ಭಾಷೆ ಕೊಡೆಂದು ಅವಳನ್ನು ಒತ್ತಾಯಿಸುತ್ತಾನೆ. ನಂಬಿಕೆಯಿಲ್ಲದ ಗಂಡನಿಗೆ ಭಾಷೆ ಏತಕ್ಕೆಂದು ಅವಳು ಒಪ್ಪುವುದಿಲ್ಲ. ಅವನು ಅವಳನ್ನು ಹಿಂಸಿಸಿ ಅಡವಿಯ ಗುಡಿಸಲಿನಲ್ಲಿ ಕೂಡಿಹಾಕಿ ಹೋಗುತ್ತಾನೆ. ಮಾದಪ್ಪನು ಬಂದು ಅವಳ ಸಂಕಟವನ್ನು ಪರಿಹರಿಸಿ ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳ ಭಾಗ್ಯವನ್ನು ಕರುಣಿಸುತ್ತಾನೆ. ಇಂಥ ‘ಸಾಲು’ಗಳು ಆ ಮಹಾಕಾವ್ಯದಲ್ಲಿ ಇನ್ನೂ ಇವೆ: ಬೇವಿನಹಟ್ಟಿ ಕಾಳಮ್ಮನದು, ಜುಂಜೇಗೌಡನದು, ಇಕ್ಕೇರಿ ದೇವಮ್ಮನದು. ರಾತ್ರಿಗಳನ್ನೇ ತೆಗೆದುಕೊಳ್ಳುವ ಈ ಕಾವ್ಯವನ್ನು ತಾಳೆಗರಿಯೂ ಮುದ್ರಣಾಲಯವೂ ಇಲ್ಲದೆ ಶತಮಾನಗಳ ಕಾಲ ಕಾಪಾಡಿಕೊಂಡು ಬಂದವರು ದೇವರಗುಡ್ಡರು. ಇವರು ದೀಕ್ಷೆ ಪಡೆದವರು. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ಅದಕ್ಕೆ ಬಡಿಯುವ ಚಪ್ಪಟೆಯ ತಾಳ, ಹೆಗಲಿನಲ್ಲಿ ಜೋಳಿಗೆ. ಗುರುವಿನಿಂದ ಬಾಯಿಪಾಠವಾಗಿ ಕಲಿತು, ಕ್ವಾರಣ್ಯವೆಂಬ ಭಿಕ್ಷವನ್ನೆತ್ತಿ ಬಾಳುವವರು. ಕಾರ್ತಿಕ ಸೋಮವಾರಗಳಂದು ನಮ್ಮ ಕಾಮಾಕ್ಷಿಪಾಳ್ಯ, ವಿಜಯನಗರಗಳ ಬೀದಿಗಳಿಗೂ ಇವರು ಬರುತ್ತಿದ್ದುದನ್ನು ಹಳಬರು ಬಲ್ಲರು. ವೇದಪಾಠದಲ್ಲಿ ಒಂದು ಸ್ವರ ತಪ್ಪಿದರೆ ಗುರುಗಳು ಬೆತ್ತ ಎತ್ತುತ್ತಿದ್ದ ಪಾಠಶಾಲೆಯಿಂದ ಬಂದ ನಾನು ಹೇಳುತ್ತೇನೆ: ಶ್ರುತಿಪರಂಪರೆಯೆಂಬ ಮಾತಿಗೆ ಇವರಿಗಿಂತ ಅರ್ಹರು ಈ ನಾಡಿನಲ್ಲಿ ಬಹಳ ಮಂದಿ ಇಲ್ಲ.

ಆ ಗದ್ದಲದಲ್ಲಿ ನಾನು ಕೇಳಿದ ಮಾತುಗಳೆಲ್ಲವೂ ಭಾವನೆಗೆ ಧಕ್ಕೆಯಾಯಿತೆಂಬ ಒಂದೇ ಧ್ವನಿಯವು. ಈ ಪದವನ್ನು ಯಾವ ಗುಡ್ಡರಿಂದ ಕಲಿತಿರಿ, ಅವರನ್ನು ಕೇಳಿದಿರಾ, ಅವರ ಹೆಸರೇನು, ಹಣ ಬಂದರೆ ಅವರ ಜೋಳಿಗೆಗೆ ಎಷ್ಟು ಎಂಬ ಪ್ರಶ್ನೆಯು ಪ್ರತಿಭಟಿಸಿದವರ ಕಡೆಯಿಂದಲೂ ನನ್ನ ಕಿವಿಗೆ ಬೀಳಲಿಲ್ಲ. ದೃಶ್ಯವು ಅತ್ಯಂತ ಭಕ್ತಿಯುತವಾಗಿದ್ದಿದ್ದರೆ? ಆಗ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ಗುಡ್ಡನು ಮಾತ್ರ ಆಗಲೂ ಹೊರಗೇ ನಿಂತಿರುತ್ತಿದ್ದನು. ಒಬ್ಬ ಗಾಯಕನನ್ನು ಹಳಿದು ಕೈತೊಳೆದುಕೊಳ್ಳುವುದು ಸುಲಭ. ಅವರು ಕ್ಷಮೆ ಕೇಳಿದ್ದಾರೆ. ಅವರ ಮೇಲೆ ನನಗೆ ಬೇರೆ ದ್ವೇಷವಿಲ್ಲ. ನಮ್ಮ ಚಲನಚಿತ್ರಗಳೂ ಕ್ಯಾಸೆಟ್ಟುಗಳೂ ಹಲವು ದಶಕಗಳಿಂದ ‘ಸಾಹಿತ್ಯ: ಜಾನಪದ’ ಎಂದು ಎರಡೇ ಶಬ್ದಗಳನ್ನು ಅಚ್ಚುಮಾಡಿ ನಡೆಸಿಕೊಂಡು ಬಂದ ಪದ್ಧತಿಯೇ ಇದು.

ಇಲ್ಲಿ ಒಂದು ಆಕ್ಷೇಪಣೆಯು ಬಂದೇ ಬರುತ್ತದೆ. ಜಾನಪದಕ್ಕೆ ಕರ್ತೃವೇ ಇಲ್ಲ. ಯಾರದೂ ಅಲ್ಲದ್ದು ಎಲ್ಲರದೂ ಆಗುತ್ತದೆ. ಗುಡ್ಡರೇನು ಅದನ್ನು ರಚಿಸಿದರೆ? ಕೇಳುವುದಕ್ಕೆ ಯುಕ್ತಿಯುಕ್ತವಾಗಿದೆ. ಊರಿನ ಕೆರೆಯನ್ನು ಯಾವ ಒಬ್ಬನೂ ತೋಡಿದವನಲ್ಲ, ಆದುದರಿಂದ ಪಟ್ಟಣದ ವರ್ತಕನು ಪಂಪಿಟ್ಟು ನೀರೆತ್ತಿ ಬಾಟಲಿಯಲ್ಲಿ ಮಾರಬಹುದು ಎಂಬ ವಾದಕ್ಕೂ ಇದಕ್ಕೂ ನನಗೇನೂ ಭೇದ ತೋರದು. ಕೆರೆಯನ್ನು ತೋಡಿದವರ ಹೆಸರು ಮರೆತಿರಬಹುದು. ವರ್ಷವರ್ಷವೂ ಹೂಳೆತ್ತಿದವರು ಕಣ್ಣೆದುರಿಗೇ ಇದ್ದಾರೆ. ಕಂಸಾಳೆ ಮಹದೇವಯ್ಯನವರು ಅನಾಮಿಕರೆ? ಮಳವಳ್ಳಿ ಮಹದೇವಸ್ವಾಮಿಯವರ ಕಂಠವನ್ನು ಕ್ಯಾಸೆಟ್ಟಿನಲ್ಲಿ ಕೇಳದ ಮನೆ ಮಂಡ್ಯ ಮೈಸೂರುಗಳ ಹಳ್ಳಿಗಳಲ್ಲಿ ಎಷ್ಟಿದ್ದವು? ಜಾನಪದ ವಿದ್ವಾಂಸರು ಪದವನ್ನು ಸಂಗ್ರಹಿಸುವಾಗ ಹಾಡಿದವನ ಹೆಸರು, ವಯಸ್ಸು, ಊರುಗಳನ್ನು ಬರೆದುಕೊಳ್ಳುತ್ತಾರೆ. ಪಂಡಿತನಿಗೆ ಸಾಧ್ಯವಾದ ಈ ಎರಡು ನಿಮಿಷದ ಕೆಲಸವು ಧ್ವನಿಮುದ್ರಣದ ಸಂಸ್ಥೆಗೆ ಅಸಾಧ್ಯವೆ?

ಹೆಸರೂ ಬಲವೂ ಉಳ್ಳವರ ವಿಷಯದಲ್ಲಿ ಏನಾಗುತ್ತದೆಂಬುದನ್ನು ನಾವು 2022ರಲ್ಲಿ ಕಂಡೆವು. ‘ಕಾಂತಾರ’ ಚಿತ್ರದ ‘ವರಾಹ ರೂಪಂ’ ಗೀತವು ತಮ್ಮ ‘ನವರಸಂ’ ಎಂಬ ಕೃತಿಯನ್ನು ಹೋಲುತ್ತದೆಂದು ಕೇರಳದ ತೈಕ್ಕುಡಂ ಬ್ರಿಜ್ ಎಂಬ ರಾಕ್ ಬ್ಯಾಂಡಿನವರು ದೂರಿದರು. ಅಕ್ಟೋಬರ್ ಮುಗಿಯುವುದರೊಳಗೆ ಕೋಳಿಕ್ಕೋಡಿನ ನ್ಯಾಯಾಲಯವು ತಾತ್ಕಾಲಿಕ ತಡೆಯಾಜ್ಞೆಯನ್ನಿತ್ತಿತು. ಚಿತ್ರವು ಮನೆಯ ಪರದೆಗೆ ಬಂದಾಗ ಕೆಲವು ದಿನ ಆ ಗೀತಕ್ಕೆ ಬೇರೆಯ ಸ್ವರಸಂಯೋಜನೆಯಿತ್ತು. ಆ ವ್ಯಾಜ್ಯದ ಸತ್ಯಾಸತ್ಯವನ್ನು ತೂಗುವುದು ನನ್ನ ಅಧಿಕಾರವಲ್ಲ. ಬ್ಯಾಂಡಿನವರಿಗೆ ತಟ್ಟಲು ಒಂದು ಬಾಗಿಲಾದರೂ ಇತ್ತು, ಗುಡ್ಡನಿಗೆ ಆ ಬಾಗಿಲೇ ಇಲ್ಲ ಎಂಬುದಷ್ಟೇ ನಾನು ಹೇಳುವುದು. 1957ರ ಕೃತಿಸ್ವಾಮ್ಯದ ಕಾಯಿದೆಯು ಕರ್ತೃವಿನ ಮರಣಾನಂತರ ಅರುವತ್ತು ವರ್ಷ ಹಕ್ಕನ್ನು ಕಾಯುತ್ತದೆ. 2012ರ ತಿದ್ದುಪಡಿಯು ಗೀತರಚನಕಾರರಿಗೂ ಸಂಗೀತ ನಿರ್ದೇಶಕರಿಗೂ ಗೌರವಧನದಲ್ಲಿ ಪಾಲನ್ನು ಖಚಿತಪಡಿಸಿತು. ಇವೆಲ್ಲವೂ ಒಬ್ಬ ಕರ್ತೃವಿರುವ ಕೃತಿಗೆ. ಜಾನಪದ ಅಭಿವ್ಯಕ್ತಿಗಳನ್ನು ಬಳಸುವವರು ಅವು ಯಾವ ಸಮುದಾಯದವು, ಯಾವ ಪ್ರದೇಶದವು ಎಂದು ತಿಳಿಸಬೇಕೆಂಬ ಮಾದರಿ ನಿಯಮಗಳನ್ನು ಯುನೆಸ್ಕೋ ಮೊದಲಾದ ಸಂಸ್ಥೆಗಳು 1982ರಷ್ಟು ಹಿಂದೆಯೇ ರಚಿಸಿಟ್ಟವು. ಅವು ಮಾದರಿಗಳಾಗಿಯೇ ಉಳಿದಿವೆ.

ಕಾಯಿದೆಯು ಬರುವವರೆಗೆ ಕೈಕಟ್ಟಿ ಕೂರಬೇಕಾದ ಅವಶ್ಯಕತೆಯಿಲ್ಲ. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಹೋದರೆ ರಾಮನಗರದ ಬಳಿ ನಾಗೇಗೌಡರು ಕಟ್ಟಿದ ಜಾನಪದ ಲೋಕವಿದೆ. ಶರೀಫರ ಶಿಗ್ಗಾವಿ ತಾಲ್ಲೂಕಿನಲ್ಲಿಯೇ ಜಾನಪದ ವಿಶ್ವವಿದ್ಯಾಲಯವಿದೆ. ಬೆಂಗಳೂರಿನಲ್ಲಿ ಜಾನಪದ ಅಕಾಡೆಮಿಯಿದೆ. ಯಾವ ಪದವನ್ನು ಯಾವ ಊರಿನ ಯಾರು ಹಾಡುತ್ತಾರೆಂಬ ಪಟ್ಟಿಯನ್ನು ಇವರಲ್ಲಿ ಒಬ್ಬರು ಪ್ರಕಟಿಸಲಿ. ಬ್ಯಾಂಡಿನವರು ಅದನ್ನು ನೋಡಿ ಆ ಊರಿಗೆ ಹೋಗಲಿ, ಕೇಳಲಿ, ಗುಡ್ಡನನ್ನೂ ಜೊತೆಗೆ ಹಾಡಿಸಲಿ, ಹೆಸರು ಹಾಕಲಿ, ಪಾಲು ಕೊಡಲಿ. ಆಮೇಲೆ ಎಷ್ಟು ವಿದ್ಯುತ್ತನ್ನಾದರೂ ಹರಿಸಲಿ; ಪೆಂಡಾಲಿನ ಮುಂದೆ ಕಿವಿಗೆ ಹತ್ತಿಯಿಟ್ಟುಕೊಂಡು ನಿಂತು ಕೇಳುವುದಕ್ಕೆ ನಾನು ಸಿದ್ಧ.

ಹೊರಗಿನವರಿಗೆ ಹೇಳುವ ಮುನ್ನ ನಮ್ಮ ಮನೆಯನ್ನೂ ನೋಡಬೇಕು. ಬರುವ ರಾಜ್ಯೋತ್ಸವಕ್ಕೆ ನಮ್ಮ ಸಂಘದವರು ಏರ್ಪಡಿಸಿರುವ ವಾದ್ಯಗೋಷ್ಠಿಯ ಆಹ್ವಾನಪತ್ರಿಕೆಯ ಕರಡನ್ನು ಕಾರ್ಯದರ್ಶಿಗಳು ನನಗೆ ತಿದ್ದಲು ಕಳುಹಿಸಿದ್ದಾರೆ. ಹನ್ನೊಂದು ಗೀತಗಳಲ್ಲಿ ನಾಲ್ಕರ ಮುಂದೆ ‘ಜಾನಪದ’ ಎಂದಿಷ್ಟೇ ಇದೆ. ಆ ನಾಲ್ಕನ್ನು ಗಾಯಕರು ಯಾರಿಂದ ಕಲಿತರೆಂದು ಕೇಳಿ ಬರೆಯಿರೆಂದು ಅಂಚಿನಲ್ಲಿ ಗುರುತು ಹಾಕಿ ಹಿಂದಿರುಗಿಸಿದ್ದೇನೆ. ಕರಡು ಇನ್ನೂ ಅಚ್ಚಿಗೆ ಹೋಗಿಲ್ಲ.