ಕೆಡವಿದವನ ಮನೆಯಲ್ಲಿ ಉಳಿದ ಬೀದಿಗಳು



ಶಿಲ್ಪ ಅಂದರೆ ನಮಗೆ ಪಾಠದಲ್ಲಿ ಕಲಿಸಿದ್ದು ಬೇಲೂರು, ಹಳೇಬೀಡು. ಕಟ್ಟಿಸಿದ ರಾಜನ ಹೆಸರು ಬಾಯಿಪಾಠ. ಕಲ್ಲು ಹೊತ್ತವರು ಯಾವ ಕೇರಿಯವರು ಅಂತ ಯಾವ ಮೇಷ್ಟ್ರೂ ಹೇಳಲಿಲ್ಲ.

ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಬೇರೆ ಥರದ ಒಂದು ಶಿಲ್ಪ ಇದೆ. ಹಳೇ ಮೆಥಡಿಸ್ಟ್ ಚರ್ಚಿನೊಳಗೆ ಬೀದಿ ಹೆಸರಿನ ಬೋರ್ಡುಗಳನ್ನು ಒಂದರ ಕೆಳಗೊಂದು ಕಂಬದ ಹಾಗೆ ತೂಗುಬಿಟ್ಟಿದ್ದಾರೆ. ಸುಮಾರು 75 ಬೋರ್ಡು. ಉಳಿ ಮುಟ್ಟಿಲ್ಲ, ಸುತ್ತಿಗೆ ಬಿದ್ದಿಲ್ಲ.

ಆ ಬೀದಿಗಳು ಈಗಿಲ್ಲ. ಡಿಸ್ಟ್ರಿಕ್ಟ್ ಸಿಕ್ಸ್, ಅಂದರೆ 1867ರಲ್ಲಿ ಆರನೇ ವಾರ್ಡು ಅಂತ ಹೆಸರಾದ ಜಾಗ. ಬಿಡುಗಡೆಯಾದ ಗುಲಾಮರು, ಕೂಲಿಗಳು, ಕಸುಬುದಾರರು, ಅಂಗಡಿಯವರು, ಹಡಗಿನಿಂದಿಳಿದ ವಲಸೆಗಾರರು ಒಟ್ಟಿಗೆ ಬಾಳಿದ ಕೇರಿ. 1901ರಲ್ಲೇ ಪ್ಲೇಗಿನ ನೆಪ ಹೇಳಿ ಅಲ್ಲಿನ ಆಫ್ರಿಕನ್ನರನ್ನು ಹೊರಗಟ್ಟಿದರು. ಆಮೇಲೆ 1950ರ ಗ್ರೂಪ್ ಏರಿಯಾಸ್ ಕಾಯ್ದೆ ಬಂತು. ಯಾವ ಬಣ್ಣದವನು ಎಲ್ಲಿ ಮಲಗಬೇಕು ಅನ್ನೋದೂ ಸರ್ಕಾರದ ಕೆಲಸವಾಯ್ತು. 1966ರ ಫೆಬ್ರವರಿ 11ರಂದು ಆ ಜಾಗ ಬಿಳಿಯರದ್ದು ಅಂತ ಸಾರಿದರು. ಕಾರಣ? ಕೊಳಗೇರಿಯಂತೆ, ಕಳ್ಳರಂತೆ, ಕೆಟ್ಟ ನಡತೆಯಂತೆ. ಈ ಮಾತು ಎಲ್ಲೋ ಕೇಳಿದ ಹಾಗಿದೆ ಅಲ್ವ?

1982ರ ಹೊತ್ತಿಗೆ 60,000ಕ್ಕೂ ಹೆಚ್ಚು ಜನರನ್ನು ಊರಾಚೆಯ ಮರಳುಬಯಲಿಗೆ ದಬ್ಬಿಯಾಗಿತ್ತು. ಚರ್ಚು, ಮಸೀದಿ ಬಿಟ್ಟು ಮಿಕ್ಕದ್ದೆಲ್ಲ ಬುಲ್ಡೋಜರಿನ ಪಾಲು. ದೇವರಿಗೆ ಹೆದರಿದ ಸರ್ಕಾರ ಮನುಷ್ಯರಿಗೆ ಹೆದರಲಿಲ್ಲ.

ಬೋರ್ಡು ಹೇಗೆ ಉಳಿದವು? ಕೆಡವೋ ಕೆಲಸ ನಡೆಸಿದವನೇ ಗುಟ್ಟಾಗಿ ಮನೆಯಲ್ಲಿ ಇಟ್ಟುಕೊಂಡಿದ್ದ. ಅವನನ್ನು ನಾಯಕ ಮಾಡಿ ಹಾರ ಹಾಕೋದು ಬೇಡ. ಕೂಲಿ ತಗೊಂಡ, ಮನೆ ಕೆಡವಿದ. ಆ ತಗಡಿಗೆ ಜೀವ ಬಂದದ್ದು 1994ರ ಡಿಸೆಂಬರಿನಲ್ಲಿ. ಕೆಲವೇ ದಿನದ ಪ್ರದರ್ಶನ ಅಂತ ತೆಗೆದದ್ದು, ಜನ ಮುಚ್ಚಲು ಬಿಡಲಿಲ್ಲ. ನೆಲದ ಮೇಲೆ ಬೀದಿಗಳ ದೊಡ್ಡ ನಕ್ಷೆ ಹಾಸಿದ್ದರು. ಹಳೇ ನಿವಾಸಿಗಳು ಬಂದು, ಬಗ್ಗಿ, ಇದು ನಮ್ಮನೆ ಅಂತ ಅದರ ಮೇಲೆ ಹೆಸರು ಬರೆದರು. ಬಟ್ಟೆಯ ಮೇಲೆ ಬರೆದ ಹೆಸರುಗಳನ್ನು ದಾರದಲ್ಲಿ ಹೊಲಿದರು.

ಇದು ಕಲೆಯಾ, ಗುಜರಿಯಾ ಅಂತ ಕೇಳೋ ಸ್ನೇಹಿತರು ನಮ್ಮ ಹಾಸ್ಟೆಲಲ್ಲೂ ಇದ್ದಾರೆ. ಗುಜರಿಯೇ. ಅದರಲ್ಲೇನು ನಾಚಿಕೆ? ಕಂಚಿನಲ್ಲಿ ಎರಕ ಹೊಯ್ದ ವಿಗ್ರಹವನ್ನು ಕೆಡವಿದ ಸರ್ಕಾರವೇ ಕೊಡಿಸಬಹುದು, ಮಂತ್ರಿ ಬಂದು ಪರದೆ ಎಳೆಯಬಹುದು. ಬೀದಿಯ ಮಳೆಬಿಸಿಲು ತಿಂದ ಬೋರ್ಡನ್ನು ಯಾರೂ ಹೊಸದಾಗಿ ಮಾಡಲಾರರು. ಅದು ಸಾಕ್ಷಿ. ಇಲ್ಲಿ ಯಾರೂ ಇರಲಿಲ್ಲ ಅಂದವನ ಮುಖಕ್ಕೆ ಹಿಡಿಯೋ ಸಾಕ್ಷಿ.

ಸಾಕ್ಷಿ ಯಾತಕ್ಕೆ ಅಂದರೆ ಭೂಮಿಗೆ. ಕಿತ್ತುಕೊಂಡ ಭೂಮಿ ಮರಳಿಸುವ ಕಾಯ್ದೆ ಅದೇ 1994ರಲ್ಲಿ ಆಯ್ತು. ಮ್ಯೂಸಿಯಂ ಇದೆಯಲ್ಲ, ಇನ್ನೇನು ಬೇಕು ಅನ್ನೋರ ಮಾತು ನಾವು ಒಪ್ಪಲ್ಲ. 2004ರ ಫೆಬ್ರವರಿ 11ರಂದು ಮಂಡೇಲಾ ಮೊದಲು ಬೀಗದ ಕೈ ಕೊಟ್ಟದ್ದು ಇಬ್ಬರಿಗೆ. ಇಬ್ಬರಿಗೂ 80 ದಾಟಿತ್ತು. ಬಹಳ ಜನ ಕಾಯುತ್ತಲೇ ಸತ್ತರು. ಆ ಗುಡ್ಡದ ಇಳಿಜಾರಿನಲ್ಲಿ ಇವತ್ತಿಗೂ ಎಷ್ಟೋ ಜಾಗ ಹುಲ್ಲು ಬೆಳೆದು ಹಾಗೇ ಬಿದ್ದಿದೆ.