ಮೆರವಣಿಗೆ ಒಂದು ದಿನ, ಕಾಯುವುದು ವರ್ಷವಿಡೀ

ನಮ್ಮ ಊರುಗಳು ಸೈನಿಕರನ್ನು ಎರಡು ದಿನ ಚೆನ್ನಾಗಿ ನೆನೆಯುತ್ತವೆ. ಒಂದು, ನಿವೃತ್ತಿಯಾಗಿ ಬಂದ ದಿನ. ತೆರೆದ ಜೀಪು, ಡೊಳ್ಳು, ಹೂಮಾಲೆ, ಮೊಬೈಲಿನಲ್ಲಿ ರೀಲ್ಸ್. ಇನ್ನೊಂದು, ಯಾರೂ ಬಯಸದ ದಿನ. ರಾಷ್ಟ್ರಧ್ವಜ ಹೊದಿಸಿದ ಪೆಟ್ಟಿಗೆ ಊರಿಗೆ ಬರುವ ದಿನ. ಉಳಿದ ವರ್ಷಗಳಲ್ಲಿ ಆ ಮನೆ ಹೇಗೆ ನಡೆಯುತ್ತಿದೆ ಎಂದು ಕೇಳುವವರು ಕಡಿಮೆ.

2016ರ ಫೆಬ್ರವರಿ ನಿಮಗೆ ನೆನಪಿರಬಹುದು. 3ನೇ ತಾರೀಖು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಹೂತುಹೋದರು. ಕುಂದಗೋಳ ತಾಲ್ಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ದಿನಗಟ್ಟಲೆ ಹಿಮದಡಿ ಇದ್ದೂ ಜೀವಂತ ಸಿಕ್ಕರು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ವಾರ ಇಡೀ ದೇಶ ಬೆಟದೂರಿನ ಹೆಸರು ಹೇಳಿತು. ಆದರೆ ಅಂಥ ಸುದ್ದಿ ಬರುವ ಮೊದಲೂ ಪ್ರತಿ ಸೈನಿಕನ ಮನೆಯಲ್ಲಿ ಒಂದು ಕಾಯುವಿಕೆ ಇರುತ್ತದೆ. ಅದಕ್ಕೆ ಕ್ಯಾಮೆರಾ ಬರುವುದಿಲ್ಲ. ಅದಕ್ಕೆ ಆಸರೆಯಾಗಬೇಕಾದದ್ದು ಊರೇ.

ಸರ್ಕಾರ ಸಂಬಳ ಕೊಡುತ್ತದೆ, ಪಿಂಚಣಿ ಕೊಡುತ್ತದೆ. ಮಗುವಿಗೆ ಜ್ವರ ಬಂದ ರಾತ್ರಿ ಬೈಕ್ ತೆಗೆದುಕೊಂಡು ಬರುವುದು ಪಕ್ಕದ ಮನೆಯವರೇ.

ಹೋಗುವ ಮುಂಚೆ

ಸೈನಿಕನ ರಜೆ ಮುಗಿಯುವ ಹೊತ್ತಿಗೆ ಮನೆಯಲ್ಲಿ ಚಕ್ಕುಲಿ, ಉಂಡಿ, ಚಟ್ನಿಪುಡಿ ತಯಾರಾಗುತ್ತವೆ. ಕಾಗದಪತ್ರ ಮಾತ್ರ ತಯಾರಾಗಿರುವುದಿಲ್ಲ. ಮದುವೆಯಾದರೆ, ಮಗು ಹುಟ್ಟಿದರೆ ಅದು ಸೇನೆಯ ದಾಖಲೆಯಲ್ಲಿ ಬರಬೇಕು. ಇದಕ್ಕೆ ಪಾರ್ಟ್ ಟು ಆರ್ಡರ್ ಎನ್ನುತ್ತಾರೆ. ಅದು ಆಗದಿದ್ದರೆ ನಾಳೆ ಕುಟುಂಬ ಪಿಂಚಣಿಗೂ ತೊಂದರೆ, ನಿವೃತ್ತಿಯ ನಂತರದ ಇಸಿಎಚ್‌ಎಸ್ ಆಸ್ಪತ್ರೆ ಕಾರ್ಡಿಗೂ ತೊಂದರೆ. ಭರ್ತಿಯಾದಾಗ ಹುಡುಗ ಮದುವೆಯಾಗಿರುವುದಿಲ್ಲ, ನಾಮಿನಿ ಜಾಗದಲ್ಲಿ ಅಪ್ಪನದೋ ಅವ್ವನದೋ ಹೆಸರು ಇರುತ್ತದೆ. ಮದುವೆಯಾದ ಮೇಲೆ ಅದನ್ನು ಮತ್ತೆ ನೋಡಬೇಕು. ಯಾರಿಗೆ ಎಷ್ಟು ಎಂದು ಅವ್ವ, ಹೆಂಡತಿ ಇಬ್ಬರ ಎದುರಿಗೇ ಕುಳಿತು ಮಾತಾಡಿದರೆ ಒಳ್ಳೆಯದು. ಇದು ಅಪಶಕುನದ ಮಾತಲ್ಲ. ಬಿತ್ತುವ ಮುಂಚೆ ಬೆಳೆವಿಮೆ ಕಟ್ಟುವವರು ಮಳೆ ಬಾರದಿರಲಿ ಎಂದು ಹರಕೆ ಹೊರುವುದಿಲ್ಲವಲ್ಲ!

ಆಧಾರ್‌ನಲ್ಲಿ ಒಂದು ಹೆಸರು, ಶಾಲೆ ದಾಖಲೆಯಲ್ಲಿ ಇನ್ನೊಂದು, ಸೇನೆಯ ದಾಖಲೆಯಲ್ಲಿ ಮತ್ತೊಂದು ಎಂಬುದು ನಮ್ಮ ಕಡೆ ಸಾಮಾನ್ಯ. ಇಂಗ್ಲಿಷಿನ ಒಂದು ಅಕ್ಷರ ತಪ್ಪಿದರೂ ಹೆಂಡತಿಯೇ ಕಚೇರಿಯಿಂದ ಕಚೇರಿಗೆ ಅಲೆಯಬೇಕು. ಜನನ ಪ್ರಮಾಣಪತ್ರ ಬರೆಯುವವರು, ಆಧಾರ್ ತಿದ್ದುವ ಹುಡುಗರು ಅರ್ಧ ಗಂಟೆ ಹೆಚ್ಚು ಕೊಟ್ಟು ಸರಿಯಾಗಿ ಬರೆದರೆ, ಅದೇ ಆ ಮನೆಗೆ ಮಾಡಿದ ದೊಡ್ಡ ಉಪಕಾರ.

ಹೋದ ಮೇಲೆ

ಗಡಿ ಕಡೆಯ ಫೀಲ್ಡ್ ಪೋಸ್ಟಿಂಗ್‌ಗೆ ಕುಟುಂಬವನ್ನು ಕರೆದೊಯ್ಯುವಂತಿಲ್ಲ. ವಿಳಾಸ ಎಂದರೆ 56 ಎಪಿಒ ಅಥವಾ 99 ಎಪಿಒ, ಅಷ್ಟೇ. ಆ ಪತ್ರ ಯಾವ ಬೆಟ್ಟಕ್ಕೆ ಹೋಗುತ್ತದೆ ಎಂಬುದು ಮನೆಯವರಿಗೂ ತಿಳಿಯುವುದಿಲ್ಲ. ಆದ್ದರಿಂದ ಆ ಮನೆಯ ಮಗುವನ್ನು ‘ನಿಮ್ಮಪ್ಪ ಎಲ್ಲಿದ್ದಾನೆ, ಯಾವಾಗ ಬರ್ತಾನೆ’ ಎಂದು ಬಸ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಬೇಡಿ. ಮಗುವಿಗೆ ಉತ್ತರ ಗೊತ್ತಿಲ್ಲ. ಗೊತ್ತಿದ್ದರೂ ಹೇಳಬಾರದು.

2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರ ನಡೆದಾಗ ವಾಟ್ಸಾಪ್ ತುಂಬ ಸುಳ್ಳು ವಿಡಿಯೋಗಳು ಓಡಾಡಿದವು. ಬೇರೆ ದೇಶದ ಸ್ಫೋಟ, ಹಳೆಯ ದೃಶ್ಯ, ವಿಡಿಯೋ ಗೇಮಿನ ತುಣುಕು ಕೂಡ ಗಡಿಯ ಸುದ್ದಿಯಾಗಿ ಬಂದವು. ನಾವು ಅವನ್ನು ಕುತೂಹಲಕ್ಕೆ ಫಾರ್ವರ್ಡ್ ಮಾಡುತ್ತೇವೆ. ನಿಮ್ಮದೇ ಗ್ರೂಪಿನಲ್ಲಿ ಒಬ್ಬ ಸೈನಿಕನ ಹೆಂಡತಿ ಇರಬಹುದು, ತಂಗಿ ಇರಬಹುದು. ಗಂಡನ ಫೋನ್ ಎರಡು ದಿನ ಹತ್ತದೇ ಇರುವಾಗ ಆ ವಿಡಿಯೋ ಆಕೆಯ ಕೈಗೆ ಬಂದರೆ ಏನಾಗಬೇಡ? ದೇಶಭಕ್ತಿಯ ಮೊದಲ ಪಾಠ ಫಾರ್ವರ್ಡ್ ಬಟನ್ ಒತ್ತದಿರುವುದು.

ಶಾಲೆಯ ಮಾಸ್ತರರಿಗೂ ಒಂದು ಮಾತು. ಸೈನಿಕರ ಮಕ್ಕಳು ಒಂದೆರಡು ವರ್ಷ ಅಪ್ಪನ ಕ್ವಾರ್ಟರ್ಸ್‌ನಲ್ಲಿದ್ದು ಕೇಂದ್ರೀಯ ವಿದ್ಯಾಲಯದಲ್ಲಿ ಹಿಂದಿ, ಇಂಗ್ಲಿಷ್ ಕಲಿತಿರುತ್ತಾರೆ. ಅಪ್ಪನಿಗೆ ಫೀಲ್ಡ್ ಬಂದರೆ ಊರಿಗೆ ಬಂದು ಕನ್ನಡ ಶಾಲೆ ಸೇರುತ್ತಾರೆ. ಒತ್ತಕ್ಷರ ತಪ್ಪಿದರೆ ಆ ಮಗು ದಡ್ಡ ಅಲ್ಲ, ದಾರಿಯಲ್ಲಿದೆ. ಸುಮ್ಮನಾದರೂ, ಜಗಳಗಂಟಿಯಾದರೂ ಬೈಯುವ ಮುಂಚೆ ಅವ್ವನನ್ನು ಕರೆದು ಅಪ್ಪ ಮೊನ್ನೆಯಷ್ಟೇ ಹೊರಟರಾ ಎಂದು ಕೇಳಿ. ಅಪ್ಪ ಫೋನ್ ಮಾಡಿದಾಗ ತೋರಿಸಲು ಒಂದು ಚಿತ್ರವನ್ನೋ ಕಾಪಿಬರಹವನ್ನೋ ಮಗುವಿನ ಕೈಯಲ್ಲಿ ಕೊಟ್ಟು ಕಳಿಸಿ.

ಇನ್ನು ಹೊಲದ ಬದು. ಗಂಡಸು ಮನೆಯಲ್ಲಿಲ್ಲ ಎಂದು ಬದು ಒತ್ತುವವರು ಪ್ರತಿ ಊರಿನಲ್ಲೂ ಇದ್ದಾರೆ, ಎಷ್ಟೋ ಸಲ ಅವರು ಸ್ವಂತ ದಾಯಾದಿಗಳೇ. ಇದಕ್ಕೆ ಕಾನೂನು ಇದೆ. ಯುದ್ಧದ ಅಥವಾ ವಿಶೇಷ ಪರಿಸ್ಥಿತಿಯ ಸೇವೆಯಲ್ಲಿರುವ ಸೈನಿಕ ಕೋರ್ಟಿಗೆ ಬರಲಾಗದಿದ್ದರೆ, ಅವನ ಬೆನ್ನ ಹಿಂದೆ ತೀರ್ಪು ಆಗದಂತೆ ದಾವೆಯನ್ನು ತಡೆಹಿಡಿಯಲು 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆಯಲ್ಲಿ ಅವಕಾಶವಿದೆ. ಸೈನಿಕರು ತಮ್ಮ ಕಮಾಂಡಿಂಗ್ ಆಫೀಸರ್ ಮೂಲಕ ಜಿಲ್ಲಾಧಿಕಾರಿಗೆ ಪತ್ರ ಬರೆಸಬಹುದು. ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಮನೆಯವರೂ ಹೋಗಬಹುದು, ಅದು ನಿವೃತ್ತರಿಗೆ ಮಾತ್ರ ಇರುವ ಕಚೇರಿಯಲ್ಲ. ಎಲ್ಲ ಜಿಲ್ಲೆಗಳಲ್ಲೂ ಈ ಕಚೇರಿ ಇಲ್ಲ, ಕೆಲವು ಕಚೇರಿಗಳು ಪಕ್ಕದ ಜಿಲ್ಲೆಯನ್ನೂ ನೋಡಿಕೊಳ್ಳುತ್ತವೆ. ನಿಮ್ಮದು ಯಾವುದು ಎಂದು ಮೊದಲೇ ತಿಳಿದುಕೊಂಡಿರಿ.

ಬಂದ ಮೇಲೆ

ರಜೆಗೆ ಬಂದ ಅಪ್ಪ ಮಗುವಿಗೆ ಮೊದಲ ವಾರ ನೆಂಟನ ಹಾಗೆ. ಎತ್ತಿಕೊಳ್ಳಲು ಹೋದರೆ ಅಳುತ್ತದೆ. ಅಷ್ಟರಲ್ಲಿ ಊರಿನವರು ‘ಮಿಲಿಟರಿ ರಮ್ ತಂದಿಲ್ವಾ’ ಎಂದು ಜಗಲಿಗೆ ಬಂದು ಕೂರುತ್ತಾರೆ. ದಯವಿಟ್ಟು ನಾಲ್ಕು ದಿನ ಬಿಡಿ. ಅವರ ರಜೆ ಊರಿನದಲ್ಲ, ಮನೆಯದು.

ಪೂರ್ತಿ ಬಂದ ಮೇಲೆ ಇನ್ನೂ ಕಷ್ಟ. 15 ವರ್ಷ ಸೇವೆ ಮುಗಿಸಿದ ಸಿಪಾಯಿಗೆ ಪಿಂಚಣಿ ಸಿಗುತ್ತದೆ, ಆದರೆ ವಯಸ್ಸು ಇನ್ನೂ ಮೂವತ್ತೈದು, ನಲವತ್ತು. ಇಷ್ಟು ವರ್ಷ ಹೆಂಡತಿ ಒಬ್ಬಳೇ ಬ್ಯಾಂಕು, ಬಿತ್ತನೆ, ಆಸ್ಪತ್ರೆ ಎಲ್ಲ ನಿಭಾಯಿಸಿದ್ದಾಳೆ. ಒಂದೇ ದಿನದಲ್ಲಿ ಯಜಮಾನಿಕೆ ಬದಲಾಗಲು ಅದು ಗಾರ್ಡ್ ಡ್ಯೂಟಿಯಲ್ಲ. ನಿದ್ದೆ ಬಾರದಿದ್ದರೆ, ಸಿಟ್ಟು ಹೆಚ್ಚಾದರೆ, ಕುಡಿತ ಹೆಚ್ಚಾದರೆ ‘ಮಿಲ್ಟ್ರಿ ತಲೆ’ ಎಂದು ನಗಬೇಡಿ, ವೈದ್ಯರ ಹತ್ತಿರ ಹೋಗಲು ಜೊತೆಯಾಗಿ. 14416 ಟೆಲಿ ಮಾನಸ್ ಸಹಾಯವಾಣಿಗೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಹುಡುಗರ ಲೆಕ್ಕ ಬೇರೆ. ನಾಲ್ಕು ವರ್ಷ ಸೇವೆ, ಶೇ 25ರವರೆಗೆ ಮಾತ್ರ ಕಾಯಂ. ಉಳಿದವರಿಗೆ ಸುಮಾರು 11.71 ಲಕ್ಷ ರೂಪಾಯಿ ಸೇವಾ ನಿಧಿ ಸಿಗುತ್ತದೆ, ಪಿಂಚಣಿ ಇಲ್ಲ. ಇವರು ವಾಪಸ್ ಬಂದಾಗ ‘ಸೈನ್ಯದಿಂದ ಕಳಿಸಿಬಿಟ್ಟರಂತೆ’ ಎಂದು ಊರು ಆಡಿಕೊಂಡರೆ ಅದು ಅನ್ಯಾಯ. ಸೋತು ಬಂದವರಲ್ಲ, ಅವಧಿ ಮುಗಿಸಿ ಬಂದವರು.

‘ದುಬೈಗೆ ಹೋದವರೂ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರೂ ಮನೆ ಬಿಟ್ಟಿರುತ್ತಾರಲ್ಲ, ಸೈನಿಕರಿಗೆ ಮಾತ್ರ ಯಾಕೆ’ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಮನೆಗಳಿಗೂ ಆಸರೆ ಬೇಕು. ಆದರೆ ಗಾರೆ ಕೆಲಸದವರು ಅವ್ವನಿಗೆ ಹುಷಾರಿಲ್ಲವೆಂದರೆ ರಾತ್ರಿ ಬಸ್ಸು ಹತ್ತಬಹುದು. ಸೈನಿಕರು ಹತ್ತುವಂತಿಲ್ಲ. ಮಂಜೂರಾದ ರಜೆಯೂ ಗಡಿಯಲ್ಲಿ ಗದ್ದಲವಾದರೆ ರದ್ದು.

ಮುಂದಿನ ಗ್ರಾಮಸಭೆಯಲ್ಲಿ ಒಬ್ಬರು ಎದ್ದು ನಿಂತು ಇಷ್ಟು ಕೇಳಿ: ನಮ್ಮ ಪಂಚಾಯಿತಿಯಲ್ಲಿ ಸೇವೆಯಲ್ಲಿರುವ ಸೈನಿಕರ ಮನೆ ಎಷ್ಟು? ಅವರ ಪಟ್ಟಿ ಮಾಡಿ, ಒಬ್ಬ ಸದಸ್ಯರಿಗೆ, ಶಾಲೆಯ ಮುಖ್ಯ ಶಿಕ್ಷಕರಿಗೆ, ಆಶಾ ಕಾರ್ಯಕರ್ತೆಗೆ ಗೊತ್ತಿರಲಿ. ತಿಂಗಳಿಗೊಮ್ಮೆ ಯಾರಾದರೂ ಆ ಮನೆಗೆ ಹೋಗಿ ‘ಏನಾದರೂ ಬೇಕಿತ್ತಾ’ ಎಂದು ಕೇಳಿ ಬರಲಿ. ಇದಕ್ಕೆ ಅನುದಾನ ಬೇಡ, ಆದೇಶವೂ ಬೇಡ.